ಪ್ರೇರಣೆ ಬೇಡ ಸಾರ್, ಆ ಆರು ವಾರ ಕೊಡಿ

ಮಾನ್ಯ ವ್ಯವಸ್ಥಾಪಕ ನಿರ್ದೇಶಕರಿಗೆ,

ಈ ದೂರನ್ನು ಮೊದಲು ನಿಮಗೇ ಮೇಲ್ ಮಾಡಿದ್ದೆವು. ಉತ್ತರ ಬರಲಿಲ್ಲ. ಮ್ಯಾನೇಜರ್ ಮೂಲಕ ಹೇಳಿಸಿದೆವು, ಎಚ್‌ಆರ್‌ಗೆ ಬರೆದೆವು, ಕುಂದುಕೊರತೆ ಸಮಿತಿಯ ಮುಂದಿಟ್ಟೆವು. 'ಇದು ಕುಂದುಕೊರತೆಯಲ್ಲ, ಪ್ರಾಜೆಕ್ಟ್ ಪ್ಲಾನಿಂಗ್' ಎಂದು ಸಮಿತಿ ಕೈತೊಳೆದುಕೊಂಡಿತು. ಇನ್ನುಳಿದದ್ದು ನಾಲ್ಕು ಜನರೆದುರು ಕೇಳುವ ದಾರಿ.

ವಿಷಯ ನಿಮಗೆ ಗೊತ್ತಿರುವುದೇ. ಸಾಲದ ಕಂತಿನ ದಿನ ಭಾನುವಾರವೋ ಹಬ್ಬದ ರಜೆಯೋ ಬಿದ್ದರೆ, ಮರುದಿನ ತಪ್ಪದೆ ಕಟ್ಟಿದವರ ಮೇಲೂ ನಮ್ಮ ಸಾಫ್ಟ್‌ವೇರ್ ದಂಡ ಹಾಕುತ್ತದೆ. ತಿಂಗಳ ಕೊನೆಯ ರಾತ್ರಿ ನಮ್ಮಲ್ಲೊಬ್ಬರು ಎಚ್ಚರವಿದ್ದು, ಸ್ಕ್ರಿಪ್ಟ್ ಓಡಿಸಿ ಅದನ್ನೆಲ್ಲ ಅಳಿಸಬೇಕು. ತಪ್ಪು ಇರುವುದು ಹಳೆಯ ಕೋಡಿನಲ್ಲಿ. ಬರೆದವರು ಕಂಪನಿ ಬಿಟ್ಟಿದ್ದಾರೆ, ಟೆಸ್ಟ್‌ಗಳಿಲ್ಲ, ಇಲ್ಲಿ ಮುಟ್ಟಿದರೆ ಇನ್ನೆಲ್ಲೋ ಬಡ್ಡಿ ತಪ್ಪುತ್ತದೆ. ಸರಿಯಾಗಿ ತಿದ್ದಲು ಸಮಯ ಕೇಳಿದ್ದೆವು. ಜನವರಿಯ ಟೌನ್‌ಹಾಲಿನಲ್ಲಿ ನೀವೇ ಮೈಕ್ ಹಿಡಿದು ಹೇಳಿದಿರಿ: ಮಾರ್ಚ್ ರಿಲೀಸ್ ಮುಗಿಯಲಿ, ಆಮೇಲೆ ಆರು ವಾರ ನಿಮ್ಮದು, ಹೊಸ ಕೆಲಸ ಒಂದನ್ನೂ ಕೊಡುವುದಿಲ್ಲ.

ರಿಲೀಸ್ ಹೇಳಿದ ದಿನಕ್ಕೇ ಆಯಿತು. ಏಪ್ರಿಲ್‌ನಲ್ಲಿ ನಮಗೆ ಸಿಕ್ಕಿದ್ದು ಆರು ವಾರವಲ್ಲ, ಹೊಸದೊಂದು ಡ್ಯಾಶ್‌ಬೋರ್ಡ್ ಕಟ್ಟುವ ಕೆಲಸ. ಯಾವ ಡೆವಲಪರ್ ದಿನಕ್ಕೆ ಎಷ್ಟು ಟಿಕೆಟ್, ಅಂದರೆ ದಾಖಲಾದ ಕೆಲಸ, ಮುಚ್ಚಿದ ಎಂದು ನಿಮಗೆ ತೋರಿಸುವ ಡ್ಯಾಶ್‌ಬೋರ್ಡ್! ಜೊತೆಗೆ ರೆಸಾರ್ಟಿನಲ್ಲೊಂದು 'ಪ್ರೇರಣಾ ಶಿಬಿರ'. ಅಲ್ಲಿ ನೀವು ಆಡಿದ ಮಾತು ಇನ್ನೂ ಚುಚ್ಚುತ್ತಿದೆ: "ಬಿಟ್ಟುಹೋದವರ ಎಕ್ಸಿಟ್ ಫಾರ್ಮ್ ನೋಡಿದ್ದೇನೆ. ಎಲ್ಲರೂ ದುಡ್ಡಿಗಾಗಿಯೇ ಹೋದವರು."

ಸಾರ್, ಎಕ್ಸಿಟ್ ಫಾರ್ಮಿನಲ್ಲಿ ಯಾರು ನಿಜ ಬರೆಯುತ್ತಾರೆ? ರಿಲೀವಿಂಗ್ ಲೆಟರ್ ಕೈಗೆ ಸಿಗಬೇಕು, ಮುಂದಿನ ಕಂಪನಿಯವರು ವಿಚಾರಿಸಿದಾಗ ನಿಮ್ಮ ಬಾಯಿಂದ ಕೆಟ್ಟ ಮಾತು ಬರಬಾರದು. 'ಉತ್ತಮ ಅವಕಾಶ' ಎಂದು ಗೀಚಿ, ಲ್ಯಾಪ್‌ಟಾಪ್ ಒಪ್ಪಿಸಿ ಹೋಗುತ್ತಾರೆ. ಸಂಬಳ ಬೇಡ ಎನ್ನುವಷ್ಟು ದೊಡ್ಡವರೇನೂ ನಾವಲ್ಲ. ಬೆಂಗಳೂರಿನ ಬಾಡಿಗೆ, ಮಕ್ಕಳ ಫೀಸು, ಊರಲ್ಲಿ ಅಪ್ಪನ ಔಷಧಿ ಎಲ್ಲಕ್ಕೂ ಅದೇ ಆಧಾರ. ಆದರೆ ಸಂಬಳ ಸಾಕಷ್ಟಿದ್ದವರೂ ಹೋದರಲ್ಲ? ಮಾಡು ರಿಪೇರಿ ಬಲ್ಲ ಬಡಗಿಯನ್ನು ಕರೆಸಿ, ಪ್ರತಿ ಮಳೆಗೂ ಸೋರುವ ಕಡೆ ಪಾತ್ರೆ ಇಡು ಎಂದರೆ, ಕೂಲಿ ಎಷ್ಟು ಕೊಟ್ಟರೂ ಅವನು ಎಷ್ಟು ದಿನ ನಿಂತಾನು?

ಆ ಶಿಬಿರದಲ್ಲಿ ಹರ್ಜ್‌ಬರ್ಗ್ ಹೆಸರಿನ ಸ್ಲೈಡ್ ಬಂದಾಗ ನೀವು ಮುಂದಿನ ಸಾಲಿನಲ್ಲಿ ತಲೆಯಾಡಿಸುತ್ತಿದ್ದಿರಿ. ಫ್ರೆಡರಿಕ್ ಹರ್ಜ್‌ಬರ್ಗ್ ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಪುಸ್ತಕ ತಂದವರು. ಸಂಬಳ, ಕಂಪನಿಯ ನಿಯಮ, ಮೇಲಿನವರ ನಡತೆ ಕೆಟ್ಟಿದ್ದರೆ ಜನ ಬೇಸತ್ತು ಹೋಗುತ್ತಾರೆ. ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ. ಹುರುಪು ಹುಟ್ಟುವುದು ಕೆಲಸದಲ್ಲೇ, ಅದನ್ನು ಚೆನ್ನಾಗಿ ಮುಗಿಸಿದ್ದರಲ್ಲಿ, ಹೊಣೆ ನಂಬಿ ಒಪ್ಪಿಸಿದ್ದರಲ್ಲಿ. ಆ ಸ್ಲೈಡಿನಲ್ಲಿ ಇದ್ದದ್ದು ಇಷ್ಟೇ. ನೀವು ತಲೆಯಾಡಿಸಿದ್ದು ಯಾವುದಕ್ಕೆ?

ಅಮೆರಿಕ ದೂರವಾಯಿತೆಂದರೆ ಇಲ್ಲೇ ನೋಡಿ. ನಾನು ಈ ಪತ್ರ ಟೈಪ್ ಮಾಡುತ್ತಿರುವ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು; ಕನ್ನಡಿಗರು ಬಳಸಲೆಂದು ಮುಕ್ತವಾಗಿ ಬಿಟ್ಟುಕೊಟ್ಟರು. ಶೇಷಾದ್ರಿ ವಾಸು 1998ರಲ್ಲಿ 'ಬರಹ' ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಯಾವ ಅಪ್ರೈಸಲ್‌ನ ಆಸೆಗೆ? ಲಖಾನಿ ಮತ್ತು ವುಲ್ಫ್ ಎಂಬ ಸಂಶೋಧಕರು ಮುಕ್ತ ತಂತ್ರಾಂಶ ಬರೆಯುವ 684 ಡೆವಲಪರುಗಳನ್ನು ಕೇಳಿದಾಗ ಎದ್ದುಕಂಡ ಕಾರಣವೂ ಅದೇ: ಆ ಕೆಲಸದಲ್ಲಿ ತಮ್ಮ ತಲೆ ಪೂರ್ತಿ ದುಡಿಯುತ್ತದೆಂಬ ಖುಷಿ. ಅವರಲ್ಲಿ ಸಂಬಳ ಪಡೆದು ಬರೆಯುವವರೂ ಇದ್ದರು.

ನಮ್ಮ ತಲೆಯನ್ನು ನೀವು ಯಾವುದಕ್ಕೆ ದುಡಿಸುತ್ತಿದ್ದೀರಿ? ದಂಡ ಅಳಿಸುವ ಸ್ಕ್ರಿಪ್ಟ್ ಓಡಿಸಿದವನು ಒಂದೇ ರಾತ್ರಿಯಲ್ಲಿ ರಾಶಿ ಟಿಕೆಟ್ ಮುಚ್ಚುತ್ತಾನೆ. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಅವನೇ ಮೊದಲಿಗ. ದಂಡವೇ ಬೀಳದಂತೆ ಮಾಡಲು ಕೂತವನ ಲೆಕ್ಕಕ್ಕೆ ಆರು ವಾರಕ್ಕೆ ಒಂದೇ ಟಿಕೆಟ್. ಇಷ್ಟು ಜನ ಕೆಳಗಿರಲೇಬೇಕೆಂಬ ಬೆಲ್ ಕರ್ವ್‌ನಲ್ಲಿ ಅವನು ಕೆಳಗೆ, ಹೈಕ್ ಇಲ್ಲ. ಇಂಥ ಕಡ್ಡಾಯ ಶ್ರೇಣಿಯನ್ನು ಮೈಕ್ರೋಸಾಫ್ಟ್ 2013ರಲ್ಲೇ ಕೈಬಿಟ್ಟಿತು. ಅತ್ತ, ಭಾನುವಾರ ಬ್ಯಾಂಕು ಮುಚ್ಚಿತ್ತೆಂದು ಸೋಮವಾರ ಕಟ್ಟಿದ ಆಟೊ ಚಾಲಕನ ಮೊಬೈಲಿಗೆ ದಂಡದ ಮೆಸೇಜು ಹೋಗುತ್ತಲೇ ಇದೆ. ಅದು ನಾವು ಬರೆದ ಸಾಫ್ಟ್‌ವೇರ್ ಎಂದು ಹೇಳಿಕೊಳ್ಳಲು ನಮಗೆ ನಾಚಿಕೆ. ನಿಮಗೆ?

ನೀವೊಬ್ಬರೇ ಹೀಗೆ ಎಂದು ಹೇಳುತ್ತಿಲ್ಲ. ಈ ಉದ್ಯಮದ ದೊಡ್ಡವರಿಗೆಲ್ಲ ಗಂಟೆ ಎಣಿಸುವ ಚಟ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪವೇ ರಾಜ್ಯ ಸರ್ಕಾರದ ಮುಂದೆ ಬಂತು. ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಕೆಲಸದ ನಿಯಮಗಳ ಕುರಿತ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಕುಂದುಕೊರತೆ ಸಮಿತಿಯೂ ಒಂದು. ವಿನಾಯಿತಿಯನ್ನು ಪೂರ್ತಿ ಅನುಭವಿಸಿದಿರಿ. ಸಮಿತಿ ನಮ್ಮ ದೂರನ್ನು ದೂರು ಎಂದೂ ಒಪ್ಪಲಿಲ್ಲ.

ಹೆಚ್ಚು ಗಂಟೆ ದುಡಿಯಲು ನಾವು ಹಿಂಜರಿದವರಲ್ಲ. ಮಾರ್ಚ್ ರಿಲೀಸಿಗೆ ಶನಿವಾರ, ಭಾನುವಾರ ಎನ್ನದೆ ದುಡಿದೆವು. ಯಾಕೆ ಗೊತ್ತೆ? ಆಮೇಲೆ ಆರು ವಾರ ಸಿಗುತ್ತದೆ, ಈ ದರಿದ್ರ ಕೋಡನ್ನು ಒಮ್ಮೆ ನೆಟ್ಟಗೆ ಮಾಡಬಹುದು ಎಂದು. ಅದೊಂದೇ ನಮ್ಮ ಪ್ರೇರಣೆಯಾಗಿತ್ತು. ಅದನ್ನು ನೀವು ಬಳಸಿಕೊಂಡು ಬಿಸಾಡಿದಿರಿ. ಬದಲಿಗೆ ಶಿಬಿರಕ್ಕೆ ದುಡ್ಡು ಪಡೆದು ಬಂದ ಭಾಷಣಕಾರರೊಬ್ಬರಿಗೆ ನಮ್ಮಿಂದ ಚಪ್ಪಾಳೆ ತಟ್ಟಿಸಿದಿರಿ.

ಕೇಳುವುದು ಇಷ್ಟು. ಟಿಕೆಟ್ ಎಣಿಸುವ ಡ್ಯಾಶ್‌ಬೋರ್ಡ್ ನಿಲ್ಲಿಸಿ. ಬೆಲ್ ಕರ್ವ್ ತೆಗೆಯಿರಿ. ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವಾಗ ಆ ಕೋಡನ್ನು ಮುಟ್ಟಿದವರನ್ನೂ ಕೂರಿಸಿಕೊಳ್ಳಿ. ಬಿಟ್ಟುಹೋದವರ ಬಗ್ಗೆ ಆಡಿದ ಮಾತನ್ನು ಅದೇ ಮೈಕಿನಲ್ಲಿ ವಾಪಸ್ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮೊದಲು, ಆ ಆರು ವಾರ ಯಾವ ತಾರೀಖಿಗೆ ಶುರು ಎಂದು ಹೇಳಿ. ಕೊಡುವ ಮನಸ್ಸಿಲ್ಲದಿದ್ದರೆ 'ಕೊಡುವುದಿಲ್ಲ' ಎಂದು ನೇರವಾಗಿ ಹೇಳಿಬಿಡಿ. ಆಗ ನಾವೂ ಎಕ್ಸಿಟ್ ಫಾರ್ಮ್ ತುಂಬುತ್ತೇವೆ, ಈ ಸಲ ನಿಜವಾದ ಕಾರಣವನ್ನೇ ಬರೆದು.

ಇತಿ,
ನಿಮ್ಮ ಸಾಲ ವಿಭಾಗದ ಒಬ್ಬ ಡೆವಲಪರ್,
ಬೆಂಗಳೂರು