ಹೊಲ ಅಳೆಯುವ ರೇಡಿಯೋಕ್ಕೂ ಲೈಸೆನ್ಸು ಬೇಕೆ?



ನಿಮ್ಮಲ್ಲಿ ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ರೇಡಿಯೋ ಲೈಸೆನ್ಸು ನೆನಪಿರಬೇಕು. 1970ರ ದಶಕದಲ್ಲಿ ಭದ್ರಾವತಿ ಆಕಾಶವಾಣಿಯಿಂದ ಬೇಸಾಯದ ಮಾತು ಕೇಳಬೇಕೆಂದರೂ ವರ್ಷಕ್ಕೆ 15 ರೂಪಾಯಿ ಕಟ್ಟಿ, ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. 1980ರ ದಶಕದ ಮಧ್ಯದಲ್ಲಿ ಆ ಪದ್ಧತಿ ನಿಂತಿತು. ಆದರೆ ನಿಂತದ್ದು ಕೇಳುವ ಪೆಟ್ಟಿಗೆಯ ಲೈಸೆನ್ಸು ಮಾತ್ರ. ಗಾಳಿಗೆ ಅಲೆ ಬಿಡುವ ಯಂತ್ರಕ್ಕೆ ಅಪ್ಪಣೆ ಬೇಕೆಂಬ ನಿಯಮ ಹಾಗೆಯೇ ಉಳಿಯಿತು. ಈಗ ಆ ನಿಯಮ ನಮ್ಮ ಹೊಲದ ಬದುವಿಗೇ ಬಂದು ನಿಂತಿದೆ.

ಹೇಗೆಂದು ಕೇಳಿ. ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಪೋಡಿ, ಹದ್ದುಬಸ್ತು, ಬಗರ್‌ಹುಕುಂ ಜಮೀನಿನ ಅಳತೆ ಎಂದರೆ ರೈತನಿಗೆ ವರ್ಷಗಟ್ಟಲೆ ಕಾಯುವ ಕೆಲಸ. ಹಿಂದೆ ಭೂಮಾಪಕರು 33 ಅಡಿಯ, 16 ಆಣೆಯ ಸರಪಳಿ ಹಿಡಿದು ಬರುತ್ತಿದ್ದರು. ಇಂದು ತುದಿಯಲ್ಲಿ ಅಣಬೆಯಂಥ ತಲೆಯಿರುವ ಒಂದು ಕೋಲು ಬರುತ್ತದೆ. ಇದನ್ನು ರೋವರ್ ಎನ್ನುತ್ತಾರೆ. ಕಂದಾಯ ಇಲಾಖೆಯೂ ತನ್ನ ಭೂಮಾಪಕರಿಗೆ ಇದನ್ನು ಕೊಡುತ್ತಿದೆ. ಖಾಸಗಿಯವರೂ ಇದನ್ನು ಕೊಂಡು ಊರೂರು ತಿರುಗುತ್ತಾರೆ.

ಕೋಲು ಕೆಲಸ ಮಾಡುವ ಬಗೆ

ರೋವರ್ ಆಕಾಶದ ಉಪಗ್ರಹಗಳ ಸಂಕೇತ ಹಿಡಿದು ತಾನು ನಿಂತ ಜಾಗ ಹೇಳುತ್ತದೆ. ಬರೀ ಕೇಳುವುದಕ್ಕೆ ಯಾವ ಲೈಸೆನ್ಸೂ ಬೇಡ. ಆದರೆ ಉಪಗ್ರಹವನ್ನಷ್ಟೇ ನಂಬಿದರೆ ಹತ್ತು-ಹದಿನೈದು ಅಡಿವರೆಗೂ ತಪ್ಪು ಬರಬಹುದು. ಈ ತಪ್ಪು ತಿದ್ದಲು, ಜಾಗ ಖಚಿತವಾಗಿ ಗೊತ್ತಿರುವ ಇನ್ನೊಂದು ಯಂತ್ರ ಬೇಕು. ಆ ಯಂತ್ರ ಕ್ಷಣಕ್ಷಣಕ್ಕೂ ತಿದ್ದುಪಡಿ ಕಳಿಸಿದರೆ ತಪ್ಪು ಒಂದೆರಡು ಅಂಗುಲಕ್ಕೆ ಇಳಿಯುತ್ತದೆ.

ಆ ತಿದ್ದುಪಡಿ ರೋವರ್‌ಗೆ ಬಂದು ತಲುಪುವ ದಾರಿ ಮೂರು.

ಮೊದಲನೆಯದು ಮೊಬೈಲ್ ದಾರಿ. ಸರ್ವೆ ಆಫ್ ಇಂಡಿಯಾ ಸಂಸ್ಥೆ ಕರ್ನಾಟಕದಲ್ಲಿ ಸದಾ ನಡೆಯುವ ಸ್ಥಿರ ಕೇಂದ್ರಗಳನ್ನು ಸ್ಥಾಪಿಸಿದೆ. ಅವುಗಳ ತಿದ್ದುಪಡಿ ಇಂಟರ್‌ನೆಟ್ ಮೂಲಕ ರೋವರ್‌ಗೆ ಬರುತ್ತದೆ. ಇಲ್ಲಿ ಅಲೆ ಮೊಬೈಲ್ ಕಂಪನಿಯದು, ಲೈಸೆನ್ಸೂ ಅವರದೇ.

ಎರಡನೆಯದು ಲೈಸೆನ್ಸಿಲ್ಲದ ಅಲೆಯ ದಾರಿ. 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಅಲೆಯನ್ನು ಗೊತ್ತುಪಡಿಸಿದ ಕಡಿಮೆ ಶಕ್ತಿಯಲ್ಲಿ ಯಾರಾದರೂ ಬಳಸಬಹುದು. ವೈಫೈ, ಬ್ಲೂಟೂತ್ ನಡೆಯುವ 2.4 ಗಿಗಾಹರ್ಟ್ಸ್ ಅಲೆಯೂ ಹೀಗೆಯೇ.

ಮೂರನೆಯದು ಯು.ಎಚ್.ಎಫ್. ರೇಡಿಯೋ. ಇದು ಸಾಮಾನ್ಯವಾಗಿ 410ರಿಂದ 470 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಕೆಲವು ಯಂತ್ರಗಳ ಶಕ್ತಿ ಒಂದೆರಡು ವ್ಯಾಟ್, ಹೊರಗೆ ಜೋಡಿಸುವ ದೊಡ್ಡ ಪೆಟ್ಟಿಗೆಗಳದು 25ರಿಂದ 35 ವ್ಯಾಟ್. ಲೈಸೆನ್ಸಿನ ಪ್ರಶ್ನೆ ಏಳುವುದು ಇಲ್ಲಿಯೇ.

ಮಲೆನಾಡಿನ ತೊಡಕು

ಹಾಗಾದರೆ ಎಲ್ಲರೂ ಮೊಬೈಲ್ ದಾರಿಯನ್ನೇ ಹಿಡಿಯಬಾರದೇ ಎನ್ನಬಹುದು. ಶಿಕಾರಿಪುರದ ಬಯಲು ಮೆಕ್ಕೆಜೋಳದ ಹೊಲದಲ್ಲಿ, ಅಂಜನಾಪುರ ಜಲಾಶಯದ ಅಚ್ಚುಕಟ್ಟಿನ ಗದ್ದೆಯಲ್ಲಿ ಅದು ಸುಲಭವಿರಬಹುದು. ಚಂದ್ರಗುತ್ತಿಯ ಕಡೆಯ ಗುಡ್ಡದ ಮರೆಯಲ್ಲಿ, ಸೊರಬದ ಕಾನಿನ ಅಂಚಿನಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದು ನಿಮಗೇ ಗೊತ್ತಿದೆ. ಅಲ್ಲಿ ಅಳೆಯುವವರು ತಮ್ಮದೇ ರೇಡಿಯೋ ಹೂಡಬೇಕಾಗುತ್ತದೆ. ಅಂದರೆ ಅಳತೆ ಅತಿ ಕಷ್ಟವಾದ ಜಾಗದಲ್ಲೇ ಲೈಸೆನ್ಸಿನ ಕಾಗದವೂ ಬೇಕಾಗುತ್ತದೆ. ದಟ್ಟ ಅಡಕೆ ತೋಟದ ಒಳಗೆ ಇನ್ನೊಂದು ತೊಂದರೆಯಿದೆ. ಸೋಗೆಯ ಮರೆಯಲ್ಲಿ ಉಪಗ್ರಹವೇ ಸರಿಯಾಗಿ ಕಾಣದು. ಅಲ್ಲಿ ಹಳೆಯ ಸರಪಳಿ ಅಥವಾ ಟೋಟಲ್ ಸ್ಟೇಷನ್ ಯಂತ್ರವೇ ಮೇಲು.

ಲೈಸೆನ್ಸು ಯಾರದು, ನವೀಕರಣ ಹೇಗೆ?

ಲೈಸೆನ್ಸು ಪಡೆಯಬೇಕಾದವನು ಯಂತ್ರದ ಒಡೆಯ, ಹೊಲದ ಒಡೆಯನಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಿ. 1933ರ ನಿಸ್ತಂತು ಕಾಯ್ದೆಯ ಪ್ರಕಾರ ಅಲೆ ಬಿಡುವ ಯಂತ್ರ ಬಳಸುವುದಷ್ಟೇ ಅಲ್ಲ, ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದೂ ತಪ್ಪು. ಆ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯ್ದೆಯನ್ನು ತಂದಿತು. ಅದರ ಕಲಮುಗಳು 2024ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ಬರತೊಡಗಿದವು. ಕಾಯ್ದೆ ಬದಲಾದರೂ ಅಲೆಗೆ ಅಪ್ಪಣೆ ಬೇಕೆಂಬ ತತ್ವ ಬದಲಾಗಿಲ್ಲ.

ಅಪ್ಪಣೆ ಕೊಡುವುದು ತಾಲ್ಲೂಕು ಕಚೇರಿಯೂ ಅಲ್ಲ, ಅಂಚೆ ಕಚೇರಿಯೂ ಅಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯು.ಪಿ.ಸಿ. ವಿಭಾಗ. ಅರ್ಜಿಯನ್ನು ಸರಳ್ ಸಂಚಾರ್ ಎಂಬ ಜಾಲತಾಣದಲ್ಲಿ ಹಾಕಬೇಕು. ಯಂತ್ರದ ಮಾದರಿಗೆ ಒಪ್ಪಿಗೆ, ಬಳಸುವ ಅಲೆಯ ಹಂಚಿಕೆ, ಅಲೆಯ ಶುಲ್ಕ ಮತ್ತು ಲೈಸೆನ್ಸು ಶುಲ್ಕ, ಇವೆಲ್ಲ ಬೇರೆಬೇರೆ ಮೆಟ್ಟಿಲುಗಳು. ಲೈಸೆನ್ಸು ಬೇಡದ ಅಲೆಯಲ್ಲಿ ನಡೆಯುವ ಯಂತ್ರಕ್ಕೂ ಮಾದರಿಯ ಒಪ್ಪಿಗೆ ಇರಬೇಕು. ಅದನ್ನು ಪಡೆಯುವುದು ಸಾಮಾನ್ಯವಾಗಿ ತಯಾರಕರ ಅಥವಾ ಆಮದುದಾರರ ಕೆಲಸ.

ನವೀಕರಣದಲ್ಲಿ ಎಡವುವವರೇ ಹೆಚ್ಚು. ಅವಧಿ ಮುಗಿಯುವ ಮುನ್ನವೇ ಹಣ ಕಟ್ಟಬೇಕು, ತಡವಾದರೆ ದಂಡ ಸೇರುತ್ತದೆ. ಯಂತ್ರ ಕೆಟ್ಟಿತೆಂದೋ, ಮಾರಿದೆವೆಂದೋ ಸುಮ್ಮನಿದ್ದರೆ ಬಾಕಿ ಬೆಳೆಯುತ್ತಲೇ ಹೋಗಬಹುದು. ಬೇಡವಾದರೆ ಲೈಸೆನ್ಸನ್ನು ಬರಹದಲ್ಲಿ ಹಿಂದಿರುಗಿಸಬೇಕು. ಭತ್ತದ ಗದ್ದೆ ಬರಿದಾಗಿ ಮಳೆ ಹಿಡಿಯುವವರೆಗಿನ ಜನವರಿಯಿಂದ ಮೇ ತಿಂಗಳೇ ನಮ್ಮಲ್ಲಿ ಅಳತೆಯ ಸುಗ್ಗಿ. ಆ ನಡುವೆ ಲೈಸೆನ್ಸು ಮುಗಿದು ಯಂತ್ರ ಮೂಲೆಗೆ ಬಿದ್ದರೆ ರೈತನ ಕೆಲಸ ಮುಂದಿನ ವರ್ಷಕ್ಕೆ ಹೋಗುತ್ತದೆ. ಊರಿನ ತರುಣರು ಸಾಲ ಮಾಡಿ ಇಂಥ ಯಂತ್ರ ಕೊಳ್ಳಲು ಹೊರಟಿದ್ದರೆ, ದುಡ್ಡು ಕೊಡುವ ಮುನ್ನ ಒಂದು ಪ್ರಶ್ನೆ ಕೇಳಲಿ: “ಇದರ ರೇಡಿಯೋ ಯಾವ ಅಲೆಯಲ್ಲಿ ನಡೆಯುತ್ತದೆ, ಅದಕ್ಕೆ ಲೈಸೆನ್ಸು ಬೇಕೆ?” ಅಂಗಡಿಯವರು ಉತ್ತರವನ್ನು ಬಿಲ್ಲಿನ ಜೊತೆ ಬರೆದುಕೊಡಲಿ.

ರೇಡಿಯೋ ಲೈಸೆನ್ಸು ಗಡಿಯ ಸಾಕ್ಷಿಯಲ್ಲ

ಇಲ್ಲಿ ಎರಡು ಲೈಸೆನ್ಸುಗಳನ್ನು ಬೆರೆಸಬೇಡಿ. ಒಂದು ಯಂತ್ರದ ರೇಡಿಯೋದ್ದು. ಇನ್ನೊಂದು ಭೂಮಾಪಕರಿಗೆ ರಾಜ್ಯ ಸರ್ಕಾರ ಕೊಡುವ ಪರವಾನಗಿ. ಮೊದಲನೆಯದು ಇದ್ದ ಮಾತ್ರಕ್ಕೆ ಯಾರೂ ಭೂಮಾಪಕರಾಗುವುದಿಲ್ಲ. ಖಾಸಗಿ ರೋವರ್ ತಂದು ಒಂದು ಮಧ್ಯಾಹ್ನದಲ್ಲಿ ಗುರುತು ಮಾಡಿಕೊಟ್ಟ ಗೆರೆ ನಿಮ್ಮ ತಿಳುವಳಿಕೆಗೆ ಸರಿ. ಅದನ್ನು ನಂಬಿ ಕಲ್ಲು ನೆಟ್ಟು ಬೇಲಿ ಸರಿಸಿದರೆ ಪಕ್ಕದವರೊಡನೆ ಜಗಳ ಖಂಡಿತ. ಹದ್ದಿಗೆ ಬೆಲೆ ಬರುವುದು ಇಲಾಖೆಗೆ ಅರ್ಜಿ ಕೊಟ್ಟು, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಹೋಗಿ, ಹಳೆಯ ಟಿಪ್ಪಣಿಯೊಡನೆ ತಾಳೆ ನೋಡಿ ಅಳೆದಾಗ.

ಒಂದಡಿ ಎಂದು ಕಡೆಗಣಿಸುವಂತೆಯೂ ಇಲ್ಲ. ಹತ್ತು ಸರಪಳಿ, ಅಂದರೆ 330 ಅಡಿ ಉದ್ದದ ಬದು ಒಂದಡಿ ಸರಿದರೆ 330 ಚದರಡಿ ಹೋಯಿತು. ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಅದು ನಾಲ್ಕು ಅಡಕೆ ಮರದ ಜಾಗ.

ಆದ್ದರಿಂದ ಅಳತೆಯ ದಿನ ನೀವು ಹೊಲದಲ್ಲಿ ನಿಂತು ಇಷ್ಟನ್ನು ಗಮನಿಸಿ:

ಅಳೆಯುವವರ ಗುರುತಿನ ಚೀಟಿ ಅಥವಾ ಪರವಾನಗಿ ನೋಡಿ.

ತಿದ್ದುಪಡಿ ಮೊಬೈಲ್‌ನಿಂದ ಬರುತ್ತಿದೆಯೋ, ರೇಡಿಯೋದಿಂದಲೋ ಕೇಳಿ.

ಬಿಂದು ಗುರುತಿಸುವಾಗ ಪರದೆಯ ಮೇಲೆ “ಫಿಕ್ಸ್” ಎಂದು ಬಂದಿರಬೇಕು. “ಫ್ಲೋಟ್” ಎಂದಿದ್ದರೆ ತಿದ್ದುಪಡಿ ಪೂರ್ತಿ ಕೂಡಿಲ್ಲ. ಕಾಯಿರಿ, ಇಲ್ಲವೇ ಇನ್ನೊಮ್ಮೆ ಅಳೆಯಲು ಹೇಳಿ.

ಊರಿಗೆ ಗೊತ್ತಿರುವ ಹಳೆಯ ಬಾಂದು ಕಲ್ಲೊಂದನ್ನು ಮೊದಲು ಅಳೆಸಿ, ದಾಖಲೆಯೊಡನೆ ಹೊಂದುತ್ತದೆಯೇ ನೋಡಿ.

ರೇಡಿಯೋ ಲೈಸೆನ್ಸಿನ ಹೆಸರಿನಲ್ಲಿ ನಿಮ್ಮಿಂದ ಬೇರೆ ಹಣ ಕೇಳಿದರೆ ಕೊಡಬೇಡಿ. ಅನುಮಾನವಿದ್ದರೆ ತಾಲ್ಲೂಕಿನ ಸಹಾಯಕ ಭೂದಾಖಲೆಗಳ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ.

ಸರ್ಕಾರಕ್ಕೂ ಒಂದು ಮಾತು. ವಿಮಾನ, ಪೊಲೀಸು, ಸೈನ್ಯ ಎಲ್ಲಕ್ಕೂ ಇರುವುದು ಒಂದೇ ಗಾಳಿ. ಅಲೆಗೆ ಅಲೆ ತಾಗದಂತೆ ಕಾಯುವುದು ನ್ಯಾಯವೇ. ಆದರೆ ಮೊಬೈಲ್ ಗೋಪುರವಿಲ್ಲದ ಊರಿನ ರೈತ ಆ ಕೊರತೆಯ ಬೆಲೆಯನ್ನು ಅಳತೆಯಲ್ಲಿ ತೆರಬಾರದು. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ ಕಳಿಸುವ ಯಂತ್ರಗಳ ಅಪ್ಪಣೆ, ನವೀಕರಣಗಳನ್ನು ಇಲಾಖೆಯೇ ಸುಗ್ಗಿಗೆ ಮೊದಲು ಮುಗಿಸಿಟ್ಟರೆ ಅರ್ಧ ತೊಡಕು ಕಳೆಯುತ್ತದೆ. ಉಳಿದರ್ಧ ನಮ್ಮ ಕೈಯಲ್ಲಿದೆ. ಕೋಲು ಬಂದ ದಿನ ಮನೆಯಲ್ಲಿ ಕೂರದೆ, ಪಕ್ಕದವರನ್ನೂ ಕರೆದುಕೊಂಡು ಬದುವಿನ ಮೇಲೆ ನಿಲ್ಲೋಣ.