ಹಂದರ ಗಡಿಯಾಚೆ ಹಾಕಿದರೆ ಲಗ್ನ ಊರ್ಜಿತವೇ?

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ 16ರ ಹುಡುಗಿಗೆ ತಾಳಿ ಕಟ್ಟಿದರೆ ಕಾನೂನಿನ ಪ್ರಕಾರ ಆ ಲಗ್ನ ಆಗಿಯೇ ಇಲ್ಲ. ಅದೇ ಹುಡುಗಿಯನ್ನು ಗುರುಮಠಕಲ್ ದಾಟಿಸಿ ತೆಲಂಗಾಣದ ನಾರಾಯಣಪೇಟೆಯಲ್ಲಿ ಮದುವೆ ಮಾಡಿದರೆ, ಮಾಡಿಸಿದವರು ಜೈಲು ಕಾಣಬಹುದು, ಮದುವೆ ಮಾತ್ರ ಊರ್ಜಿತವಾಗಿಯೇ ಉಳಿಯುತ್ತದೆ. ಬೇಡವೆಂದರೆ ಹುಡುಗಿಯೇ 20 ತುಂಬುವುದರೊಳಗೆ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಿ ರದ್ದು ಮಾಡಿಸಿಕೊಳ್ಳಬೇಕು.

ಎರಡೂ ಕಡೆ ಇರುವುದು ಕೇಂದ್ರದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯೇ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ತಳಹದಿಯ ಮೇಲೆ ಕರ್ನಾಟಕ 2016ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. ಉಳಿದ ರಾಜ್ಯಗಳೂ ಇದೇ ದಾರಿ ಹಿಡಿಯಲಿ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತು. ಹರಿಯಾಣ ಹಿಡಿಯಿತು.

ಯಾದಗಿರಿಯ ಪಾಲಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 1956ರ ನವೆಂಬರ್ 1ರವರೆಗೆ ಈ ಊರುಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕೊಟ್ಟು ತರುವ ಸಂಬಂಧಕ್ಕೆ ಗಡಿರೇಖೆ ಇವತ್ತಿಗೂ ಅಡ್ಡ ಬಂದಿಲ್ಲ. ಸುರಪುರ, ಶಹಾಪುರ ಕಡೆಯ ಕೂಲಿ ಕುಟುಂಬಗಳು ಬೆಂಗಳೂರು, ಮುಂಬೈಗೆ ಗುಳೆ ಹೊರಡುವಾಗ ದೊಡ್ಡವಳಾದ ಮಗಳನ್ನು ಯಾರ ಮನೆಯಲ್ಲಿ ಬಿಡುವುದೆಂಬ ಚಿಂತೆ ಹತ್ತುತ್ತದೆ. ಲಗ್ನಪತ್ರಿಕೆ ಅಚ್ಚಾಗುವುದಿಲ್ಲ, ಮನೆ ಮುಂದೆ ಹಂದರ ಏಳುವುದಿಲ್ಲ; ಬೀಗರ ಊರಿನ ಗುಡಿಯಲ್ಲಿ ನಸುಕಿಗೇ ಅಕ್ಷತೆ ಬೀಳುತ್ತದೆ. ಬೀಗರ ಊರು ಗಡಿಯಾಚೆ ಇದ್ದರೆ ಹುಡುಗಿಯ ಹಕ್ಕೂ ಬದಲಾಗುತ್ತದೆ. ಇದು ಅನ್ಯಾಯ.

ದೇಶ ದೇಶಗಳ ನಡುವೆಯೂ ಇದೇ ತೊಡಕಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಯಂ ನೆಲೆಯುಳ್ಳವರು 18ರೊಳಗೆ ಹೊರದೇಶಕ್ಕೆ ಹೋಗಿ ಮದುವೆಯಾದರೂ 2023ರ ಫೆಬ್ರುವರಿಯಿಂದ ಅದಕ್ಕೆ ಅಲ್ಲಿ ಮಾನ್ಯತೆಯಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮಗುವಿನ ನೆಲೆ, ಮಂಟಪದ ಜಾಗವಲ್ಲ. ಯಾದಗಿರಿಯ ಹುಡುಗಿಗೂ ಈ ರಕ್ಷಣೆ ಬೇಕು.

ಜರ್ಮನಿ ಕಲಿಸುವ ಪಾಠ ಬೇರೆ. ಹೊರದೇಶದಲ್ಲಿ 16ರೊಳಗೆ ಆದ ಮದುವೆಗಳು ಅಸಿಂಧು ಎಂದು ಅದು 2017ರಲ್ಲಿ ಕಾನೂನು ಮಾಡಿತು. ಹುಡುಗಿಯ ಜೀವನಾಂಶಕ್ಕೆ ಅದರಲ್ಲಿ ದಾರಿಯಿಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2023ರಲ್ಲಿ ತಪ್ಪು ಹಿಡಿಯಿತು. ಕರ್ನಾಟಕದಲ್ಲೂ ಈ ಬಿರುಕಿದೆ. ಕಾಯ್ದೆಯ 4ನೇ ಸೆಕ್ಷನ್ ಜೀವನಾಂಶವನ್ನು ಮದುವೆ ರದ್ದತಿಯ ಡಿಕ್ರಿಗೆ ಕಟ್ಟಿಹಾಕಿದೆ. ತಾನಾಗಿಯೇ ಅಸಿಂಧುವಾದ ಮದುವೆಗೆ ಡಿಕ್ರಿಯೇ ಬೇಕಿಲ್ಲ. ಹಾಗಾದರೆ ಕಂಕುಳಲ್ಲಿ ಕೂಸು ಹೊತ್ತು ತವರಿಗೆ ಬಂದ ಹುಡುಗಿ ಯಾವ ಕಾಗದ ಹಿಡಿದು ಜೀವನಾಂಶ ಕೇಳಬೇಕು?

ಆದ್ದರಿಂದ ತಿದ್ದುಪಡಿ ಕೇಂದ್ರ ಕಾಯ್ದೆಗೇ ಆಗಬೇಕು: ಬಾಲ್ಯವಿವಾಹ ದೇಶದಾದ್ಯಂತ ಅಸಿಂಧು, ಡಿಕ್ರಿ ಇಲ್ಲದೆಯೂ ಹುಡುಗಿಗೆ ಜೀವನಾಂಶ. ಸಂಸತ್ತಿಗಾಗಿ ಕಾಯದೆ ಆಗಬಹುದಾದ ಕೆಲಸವೂ ಒಂದಿದೆ. ಯಾದಗಿರಿಯಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆ ಅದೇ ಗಳಿಗೆಯಲ್ಲಿ ನಾರಾಯಣಪೇಟೆಯ ಬಾಲ್ಯವಿವಾಹ ನಿಷೇಧಾಧಿಕಾರಿಗೂ ಮುಟ್ಟುವಂತೆ ಎರಡೂ ಜಿಲ್ಲಾಡಳಿತಗಳು ಏರ್ಪಾಡು ಮಾಡಿಕೊಳ್ಳಬೇಕು.