ಸೀಟ್ ಕವರ್‌ಗಿಂತ ಮೊದಲು ಬ್ರೇಕ್

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಾರೊಂದು ಮನೆಗೆ ಬಂದರೆ ಮೊದಲ ವಾರ ಅದು ಎಲ್ಲಿಗೆ ಹೋಗುತ್ತದೆ? ಮೊದಲು ದೇವಸ್ಥಾನಕ್ಕೆ, ಅಲ್ಲಿಂದ ನೇರವಾಗಿ ಸೀಟ್ ಕವರ್ ಅಂಗಡಿಗೆ. ಆಮೇಲೆ ಮ್ಯೂಸಿಕ್ ಸಿಸ್ಟಮ್, ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದ ಸ್ಟಿಕ್ಕರ್. ಕೈಯಲ್ಲಿ ಉಳಿದಿದ್ದ ಹಣ ಅಲ್ಲಿಗೆ ಖಾಲಿ. ಮೆಕ್ಯಾನಿಕ್ ಬಳಿ ಕಾರು ಹೋಗುವುದು ದಾರಿಯಲ್ಲಿ ಕೆಟ್ಟು ನಿಂತ ಮೇಲೆಯೇ.

ಹಾಗೆಂದು ನಮ್ಮ ಹಳ್ಳಿಗಳಲ್ಲಿ ಹಳೆಯ ಕಾರನ್ನು ಬರೀ ಶೋಕಿಗೆ ಕೊಳ್ಳುತ್ತಾರೆ ಎಂದು ತಿಳಿಯಬಾರದು. ಗೋರ್ಟಾದಂಥ ಊರಿನಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ಎದೆನೋವು ಬಂದರೆ ಬಸ್ಸಿಗಾಗಿ ಕಾಯಲು ಆಗುವುದಿಲ್ಲ. ಬಸವಕಲ್ಯಾಣಕ್ಕೋ, ಹುಮನಾಬಾದ್‌ಗೋ, ಅಲ್ಲಿಂದ ಮುಂದೆ ಬೀದರಿಗೋ ಕರೆದೊಯ್ಯಲು ಯಾರ ಮನೆಯಲ್ಲಿ ಕಾರಿದೆಯೋ ಅವರ ಬಾಗಿಲನ್ನೇ ತಟ್ಟಬೇಕು. ಸೋಲಾಪುರ, ಲಾತೂರ್, ಹೈದರಾಬಾದ್ ನಮಗೆ ದೂರವಲ್ಲ. ಅಲ್ಲಿನ ಪೇಟೆಯಲ್ಲಿ ಹತ್ತು ಹನ್ನೆರಡು ವರ್ಷ ಓಡಿದ ಕಾರುಗಳು ಕೊನೆಗೆ ನಮ್ಮ ಅಂಗಳಕ್ಕೆ ಬರುತ್ತವೆ. ಒಂದು ಹೊಸ ಬೈಕಿನ ದುಡ್ಡಿಗೆ 1 ಲಕ್ಷ ಕಿಲೋಮೀಟರ್ ದಾಟಿದ ಆಲ್ಟೊ ಸಿಗುವಾಗ ಮಧ್ಯಮ ವರ್ಗದ ರೈತ ಕುಟುಂಬ ಅದನ್ನು ಕೊಂಡರೆ ತಪ್ಪೇನಿಲ್ಲ.

ತೊಂದರೆ ಶುರುವಾಗುವುದು ಕೊಂಡ ಮೇಲೆ. ಇಷ್ಟು ಓಡಿದ ಕಾರಿನಲ್ಲಿ ಒಂದೇ ದೋಷ ಇರುವುದಿಲ್ಲ, ಹತ್ತು ಇರುತ್ತವೆ. ನಮ್ಮ ಕೈಯಲ್ಲಿರುವುದು ಹತ್ತೋ ಹದಿನೈದೋ ಸಾವಿರ. ಎಲ್ಲವನ್ನೂ ಒಮ್ಮೆಗೇ ಸರಿಮಾಡಿಸಲು ಸಾಧ್ಯವಿಲ್ಲ. ಆಗ ಹೆಚ್ಚಿನವರು ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ಮೊದಲು ಮಾಡಿಸುತ್ತಾರೆ. ಬಾಗಿಲಿನ ತಗ್ಗು ಕಾಣುತ್ತದೆ, ಡ್ಯಾಶ್‌ಬೋರ್ಡಿನ ಗಡಗಡ ಕೇಳುತ್ತದೆ. ಸವೆದ ಬ್ರೇಕ್ ಪ್ಯಾಡ್, ನೀರು ಸೇರಿದ ಬ್ರೇಕ್ ಆಯಿಲ್, ಬಿರುಕು ಬಿಟ್ಟ ಟೈಮಿಂಗ್ ಬೆಲ್ಟ್ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ನಮ್ಮ ಜೀವವನ್ನೂ ಜೇಬನ್ನೂ ಹಿಡಿದಿರುವುದು ಇವೇ. ಹೀಗಾಗಿ ಬಜೆಟ್ ಕಡಿಮೆ ಇದ್ದಷ್ಟೂ ಕ್ರಮ ಮುಖ್ಯವಾಗುತ್ತದೆ.

ಈ ಕ್ರಮವನ್ನು ಗೊತ್ತುಮಾಡಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಪ್ರತಿ ದೋಷದ ಮುಂದೆ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಓಡುತ್ತಿರುವಾಗ ಇದು ಕೈಕೊಟ್ಟರೆ ಯಾರಾದರೂ ಸಾಯುತ್ತಾರೆಯೇ? ಇಲ್ಲವಾದರೆ, ಇದರಿಂದ ಇನ್ನೂ ದೊಡ್ಡ ಖರ್ಚು ಬರುತ್ತದೆಯೇ? ಅದೂ ಇಲ್ಲವಾದರೆ, ಕಾರು ನಡುದಾರಿಯಲ್ಲಿ ನಿಲ್ಲುತ್ತದೆಯೇ? ಮೂರಕ್ಕೂ ಉತ್ತರ ಇಲ್ಲ ಎಂದಾದರೆ ಆ ಕೆಲಸ ಮುಂದಿನ ವರ್ಷಕ್ಕೂ ಕಾಯಬಹುದು.

ಮೊದಲ ಪ್ರಶ್ನೆಗೆ ಹೌದು ಎನ್ನುವ ಭಾಗಗಳು ಬ್ರೇಕ್, ಟೈರ್, ಸ್ಟೀರಿಂಗ್. ನಮ್ಮ ಹಳ್ಳಿ ರಸ್ತೆಯಲ್ಲಿ 30ರ ವೇಗದಲ್ಲಿ ಹೋಗುವಾಗ ಇವುಗಳ ಸವೆತ ತಿಳಿಯುವುದಿಲ್ಲ. ಅದೇ ಕಾರು ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ಕ್ಕೆ ಹತ್ತಿದರೆ ಐದು ನಿಮಿಷದಲ್ಲಿ 80ಕ್ಕೆ ಮುಟ್ಟುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹೀರಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಪಿಯುಸಿಯಲ್ಲೇ ಓದಿದ್ದೇವೆ. ಲೆಕ್ಕ ಹಾಕಿ ನೋಡಿ: 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಒಣ ರಸ್ತೆ, ಒಳ್ಳೆಯ ಟೈರ್ ಇದ್ದು ಘರ್ಷಣಾಂಕ 0.7 ಎಂದಿಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಸುಮಾರು 36 ಮೀಟರ್ ಬೇಕು. ಮಳೆಯಲ್ಲಿ, ಸವೆದ ಟೈರಿನಲ್ಲಿ ಅದು 0.4ಕ್ಕೆ ಇಳಿದರೆ 63 ಮೀಟರ್ ಬೇಕು. ವ್ಯತ್ಯಾಸ 27 ಮೀಟರ್, ಎರಡು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೂ ಮಿಗುವಷ್ಟು ಜಾಗ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ ಕತ್ತಲಲ್ಲಿ ಎದುರಾದಾಗ ಈ 27 ಮೀಟರ್ ಬೆಲೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ 1,68,491 ಜನ ಸತ್ತಿದ್ದಾರೆ. ಇದರಲ್ಲಿ ಅತಿವೇಗದ ಪಾಲೇ ದೊಡ್ಡದು, ನಿಜ. ಆದರೆ ನಿಲ್ಲದ ಗಾಡಿಗೆ ಸಾಧಾರಣ ವೇಗವೂ ಅತಿವೇಗವೇ.

ಟೈರ್ ನೋಡುವುದು ಸುಲಭ. ಗೆರೆಗಳ ನಡುವಿನ ತಗ್ಗಿನಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರಿನ ಮೇಲ್ಮೈ ಸವೆದು ಆ ದಿಬ್ಬಕ್ಕೆ ಸಮವಾದರೆ ಆಳ 1.6 ಮಿಲಿಮೀಟರ್‌ಗೆ ಇಳಿಯಿತು ಎಂದರ್ಥ. ಕಾನೂನಿನ ಲೆಕ್ಕದಲ್ಲೂ ಆ ಟೈರಿನ ಆಯುಷ್ಯ ಮುಗಿಯಿತು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಬದಿಯಲ್ಲಿ ಬಿರುಕುಗಳಿದ್ದರೆ ನಂಬಬೇಡಿ. ಎರಡೇ ಹೊಸ ಟೈರ್ ಕೊಳ್ಳುವಷ್ಟು ಹಣ ಇದ್ದರೆ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಮುಂದೆ ಹಾಕುವುದು ವಾಡಿಕೆ, ಆದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ತಿರುಗಿಬಿಡುತ್ತದೆ, ಹೊಸ ಚಾಲಕನಿಗೆ ಅದನ್ನು ಹಿಡಿಯುವುದು ಕಷ್ಟ.

ಬ್ರೇಕ್ ಎಂದರೆ ಪ್ಯಾಡ್ ಮಾತ್ರವಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ. ನೀರು ಸೇರಿದ ಮೇಲೆ ಅದು 140 ಡಿಗ್ರಿವರೆಗೂ ಇಳಿಯಬಹುದು. ಆಯಿಲ್ ಕುದಿದು ಗುಳ್ಳೆಯಾದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಕೆಲವೇ ನೂರು ರೂಪಾಯಿಯ ಈ ಕೆಲಸವನ್ನು ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು. ಸ್ಟೀರಿಂಗ್ ನೋಡಲು ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಎಡ-ಬಲ ಅಲ್ಲಾಡಿಸಿ, ಆಮೇಲೆ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಎಡ-ಬಲ ಸಡಿಲವಿದ್ದರೆ ಟೈ ರಾಡ್ ಕಡೆ, ಮೇಲೆ-ಕೆಳಗೆ ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಕಡೆ ನೋಡಬೇಕು. ಇದೇ ಸಾಲಿಗೆ ವೈಪರ್ ಬ್ಲೇಡ್, ಹೆಡ್‌ಲೈಟ್ ಮತ್ತು ಬ್ರೇಕ್ ಲೈಟ್ ಬಲ್ಬನ್ನೂ ಸೇರಿಸಿ. ಅಗ್ಗದ ವಸ್ತುಗಳೆಂದು ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯ ಸಾಲು, ಸಣ್ಣ ಖರ್ಚಿನಿಂದ ದೊಡ್ಡ ಖರ್ಚನ್ನು ತಡೆಯುವ ಕೆಲಸಗಳದ್ದು. ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಕೂಲಂಟ್, ಟೈಮಿಂಗ್ ಬೆಲ್ಟ್. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಗಡಸು ನೀರಿನ ಲವಣ ಒಳಗಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಎಂಜಿನ್ ಕಾದು ಸಿಲಿಂಡರ್ ಹೆಡ್ ಸೊಟ್ಟಗಾದರೆ ನಾನೂರು ರೂಪಾಯಿಯ ಕೂಲಂಟ್ ಉಳಿಸಿದವನು ಹತ್ತಾರು ಸಾವಿರ ತೆರಬೇಕಾಗುತ್ತದೆ. ಟೈಮಿಂಗ್ ಬೆಲ್ಟ್ ಕಥೆಯೂ ಹೀಗೆಯೇ. 796 ಸಿಸಿಯ ಹಳೆಯ ಆಲ್ಟೊ, ಇಂಡಿಕಾ ಡೀಸೆಲ್‌ನಂಥ ಕಾರುಗಳಲ್ಲಿ ಚೈನ್ ಬದಲು ರಬ್ಬರ್ ಬೆಲ್ಟ್ ಇರುತ್ತದೆ. ಅದು ತುಂಡಾಗುವ ಮುನ್ನ ಸೂಚನೆ ಕೊಡುವುದು ಅಪರೂಪ. ತುಂಡಾದರೆ ಎಂಜಿನ್ ತಕ್ಷಣ ನಿಲ್ಲುತ್ತದೆ, ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಹಿಂದಿನ ಮಾಲೀಕ ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಮೀಟರಿನ ಕಿಲೋಮೀಟರ್ ನಂಬಿ ಕೂರಬೇಡಿ, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಸವೆದ ಪೆಡಲ್ ರಬ್ಬರ್, ನುಣುಪಾದ ಸ್ಟೀರಿಂಗ್ ಸುಳ್ಳು ಹೇಳುವುದಿಲ್ಲ.

ಕಾಗದಪತ್ರವನ್ನೂ ನಾನು ರಿಪೇರಿಯ ಪಟ್ಟಿಯಲ್ಲೇ ಇಡುತ್ತೇನೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1000 ಸಿಸಿ ಒಳಗಿನ ಕಾರಿಗೆ ತೆರಿಗೆ ಬಿಟ್ಟು ವರ್ಷಕ್ಕೆ 2,094 ರೂಪಾಯಿ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ ಎಂದು ಕೇಳಿ ಎರಡೂ ಒಂದೇ ಎನ್ನುವವರಿದ್ದಾರೆ. ಅಪಘಾತದಲ್ಲಿ ಇನ್ನೊಬ್ಬರು ಸತ್ತರೆ ನ್ಯಾಯಮಂಡಳಿ ಹೇಳಿದ ಪರಿಹಾರವನ್ನು ಮಾಲೀಕನೇ ಕೊಡಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಎರಡು ಸಾವಿರ ಉಳಿಸಲು ಹೋಗಿ ಹೊಲಕ್ಕೇ ಕುತ್ತು ಬರಬಹುದು. ಎಂಎಚ್ 13, ಎಂಎಚ್ 24 ನಂಬರಿನ ಕಾರು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಪಡೆಯಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಬಸವಕಲ್ಯಾಣದಲ್ಲೇ ಕೆಎ 56 ಕಚೇರಿ ಇದೆ. ಕಾರಿನ ಬೆಲೆಗೆ ಈ ಖರ್ಚನ್ನು ಕೂಡಿಸಿ ನೋಡಿದ ಮೇಲೆಯೇ ಅಗ್ಗವೋ ತುಟ್ಟಿಯೋ ಹೇಳಬೇಕು.

ಮೂರನೆಯ ಸಾಲಿನಲ್ಲಿ ಬ್ಯಾಟರಿ, ಸ್ಟಾರ್ಟರ್, ಫ್ಯಾನ್ ಬೆಲ್ಟ್, ಕ್ಲಚ್ ಬರುತ್ತವೆ. ಇವು ಕೈಕೊಟ್ಟರೆ ದಾರಿಯಲ್ಲಿ ನಿಲ್ಲುತ್ತೇವೆ, ಅಷ್ಟೇ. ಎಸಿ, ಬಣ್ಣ, ಬಾಗಿಲಿನ ತಗ್ಗು, ಸೀಟ್ ಕವರ್, ಹಾಡು ಕೊನೆಯ ಸಾಲು.

ನಮ್ಮ ಮನೆಯ ಹಳೆಯ ಆಲ್ಟೊಗೆ 15 ಸಾವಿರ ಎತ್ತಿಟ್ಟಾಗ ಹೀಗೆಯೇ ಹಂಚಿದೆವು. ವಿಮೆ ಮೊದಲೇ ಕಟ್ಟಿ ಆಗಿತ್ತು. ಮುಂದಿನ ಪ್ಯಾಡ್, ಹಿಂದಿನ ಶೂ, ಬ್ರೇಕ್ ಆಯಿಲ್, ಕೂಲಿ ಸೇರಿ 2,600. ಎರಡು ಟೈರಿಗೆ 5,800. ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್‌ಗೆ 2,000. ಎಂಜಿನ್ ಆಯಿಲ್, ಫಿಲ್ಟರ್ 1,300. ಕೂಲಂಟ್ 400. ವೈಪರ್, ಬಲ್ಬುಗಳಿಗೆ 600. ಒಟ್ಟು 12,700. ಉಳಿದ 2,300 ರೂಪಾಯಿಯನ್ನು ಮುಟ್ಟದೆ ಇಟ್ಟೆವು, ಹಳೆಯ ಕಾರು ಯಾವಾಗ ಏನು ಕೇಳುತ್ತದೋ ಹೇಳಲಾಗದು. ದರ ಊರಿಂದ ಊರಿಗೆ, ಕಾರಿಂದ ಕಾರಿಗೆ ಬೇರೆಯಾಗಬಹುದು, ಕ್ರಮ ಬದಲಾಗುವುದಿಲ್ಲ. ಎಡ ಬಾಗಿಲಿನ ತಗ್ಗು ಈಗಲೂ ಹಾಗೆಯೇ ಇದೆ. ಮದುವೆ ಮನೆಗೆ ಹೋದರೆ ನೆಂಟರು ಅದನ್ನೇ ಮೊದಲು ನೋಡುತ್ತಾರೆ. ನೋಡಲಿ.

ಉಳಿಸಬೇಕಾದಲ್ಲಿ ಉಳಿಸಲೂ ದಾರಿಗಳಿವೆ. ಲಾರಿ ಕೆಲಸಕ್ಕೆ ಹೆಸರಾದ ಬಸವಕಲ್ಯಾಣದ ಆಟೊ ನಗರ ಹತ್ತಿರವೇ ಇದೆ. ಅಂಥ ಕಡೆ ಹುಡುಕಿದರೆ ಹಳೆಯ ಬಾಗಿಲಿನ ಗಾಜು, ಕನ್ನಡಿ, ಬಂಪರ್, ಸೀಟು ಅರ್ಧ ಬೆಲೆಗೆ ಸಿಗಬಹುದು, ತೆಗೆದುಕೊಳ್ಳಿ. ಬ್ರೇಕ್ ಭಾಗ, ಟೈರ್, ಸ್ಟೀರಿಂಗ್ ಭಾಗ, ರಬ್ಬರ್ ಬೆಲ್ಟ್ ಮಾತ್ರ ಹಳೆಯದನ್ನು ಕೊಳ್ಳಲೇಬೇಡಿ. ಬದಲಿಸಿದ ಹಳೆಯ ಭಾಗವನ್ನು ಮೆಕ್ಯಾನಿಕ್‌ನಿಂದ ಕೇಳಿ ಪಡೆಯಿರಿ, ತಾರೀಖು ಮತ್ತು ಕಿಲೋಮೀಟರ್ ಬರೆದ ಚೀಟಿ ಇಟ್ಟುಕೊಳ್ಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ಕಂತಿನ ಮೇಲೆ ಹೊಸ ಕಾರನ್ನೇ ಕೊಳ್ಳಬಾರದೇ ಎಂದು ಕೇಳುವ ಗೆಳೆಯರಿದ್ದಾರೆ. ತಿಂಗಳ ಸಂಬಳ ಇರುವವರಿಗೆ ಅದು ಸರಿ. ಸೋಯಾ, ತೊಗರಿ ಮಾರಿದಾಗ ಮಾತ್ರ ಕೈಗೆ ದುಡ್ಡು ಬರುವ ಮನೆಗೆ ತಿಂಗಳ ಕಂತು ಉರುಳಾಗುತ್ತದೆ. ಹಾಗೆಂದು ಹಳೆಯ ಕಾರಿಗೆ ಕೊನೆಯೇ ಇಲ್ಲದೆ ಸುರಿಯುವುದೂ ಸಲ್ಲದು. ಕೆಳಗಿನ ಕಬ್ಬಿಣ ಚಕ್ರ ಜೋಡಿಸುವ ಜಾಗದಲ್ಲೇ ತುಕ್ಕು ಹಿಡಿದು ತೂತಾಗಿದ್ದರೆ, ಅಥವಾ ಒಂದೇ ರಿಪೇರಿಗೆ ಕಾರಿನ ಅರ್ಧ ಬೆಲೆ ಕೇಳಿದರೆ ಅಲ್ಲಿಗೆ ನಿಲ್ಲಿಸಬೇಕು. 15 ವರ್ಷ ತುಂಬುತ್ತಿರುವ ಕಾರಾದರೆ ನೋಂದಣಿ ನವೀಕರಣಕ್ಕೂ ಹಣ ಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 5,000 ರೂಪಾಯಿಗೆ ಏರಿದೆ.

ಎಂಜಿನಿಯರಿಂಗ್ ಓದುವ ನಮ್ಮಂಥವರಿಗೂ ಇಲ್ಲಿ ಕೆಲಸವಿದೆ. ನಾವು ಪರೀಕ್ಷೆಯಲ್ಲಿ ಘರ್ಷಣೆಯ ಸೂತ್ರ ಬರೆದು ಅಂಕ ಪಡೆಯುತ್ತೇವೆ, ಮನೆ ಮುಂದಿನ ಕಾರಿನ ಟೈರ್ ಬಗ್ಗಿ ನೋಡುವುದಿಲ್ಲ. ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್, ಐಟಿಐಗಳಿವೆ. ಮುಂಗಾರಿಗೆ ಮುನ್ನ ವರ್ಷಕ್ಕೊಂದು ದಿನ ಹೋಬಳಿ ಊರಿನಲ್ಲಿ ಹಳೆಯ ವಾಹನಗಳ ಉಚಿತ ತಪಾಸಣೆ ನಡೆಸಿದರೆ ವಿದ್ಯಾರ್ಥಿಗೆ ಕಲಿಕೆ, ಊರಿಗೆ ಉಪಕಾರ. ಬಿಚ್ಚಿ ಜೋಡಿಸುವ ಕೆಲಸ ಮೆಕ್ಯಾನಿಕ್‌ಗೆ ಬಿಡೋಣ. ನಾವು ಟೈರಿನ ಆಳ ಅಳೆದು, ದೀಪ ನೋಡಿ, ಚಕ್ರ ಅಲ್ಲಾಡಿಸಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರೂ ಸಾಕು.

ಕಾಲೇಜು ಮಾಡುವವರೆಗೆ ಕಾಯಬೇಕೆಂದೇನಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಕಾರಿದ್ದರೆ ಬರುವ ಭಾನುವಾರ ಅರ್ಧ ಗಂಟೆ ಕೊಡಿ. ಗೊತ್ತಿರುವ ದೋಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಮೂರು ಪ್ರಶ್ನೆ ಕೇಳಿ ನಂಬರ್ ಹಾಕಿ, ಅಪ್ಪನಿಗೆ ತೋರಿಸಿ. ಈ ತಿಂಗಳು ಮೊದಲ ನಂಬರಿನ ಕೆಲಸಕ್ಕಷ್ಟೇ ಹಣ ಇದ್ದರೆ ಅಷ್ಟನ್ನೇ ಮಾಡಿಸಿ. ನಡುರಾತ್ರಿ ಯಾರಾದರೂ ಬಾಗಿಲು ತಟ್ಟಿದಾಗ ಬೇಕಾಗುವುದು ಆ ಒಂದು ಕೆಲಸವೇ.

– ಬಿ.ಇ. ವಿದ್ಯಾರ್ಥಿ, ಗೋರ್ಟಾ (ಬಿ)